ಜರ್ಮನ್ ರಾಜ-ಬಿಷಪರ ಬೆಳ್ಳಿ ನಾಣ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಷಪರು ಚರ್ಚಿನ ಗುರುಗಳಲ್ಲವೇ? ಅವರಿಗೆ ನಾಣ್ಯ ಹೊರಡಿಸುವ ಅಧಿಕಾರ ಎಲ್ಲಿಂದ ಬಂತು?

ಪವಿತ್ರ ರೋಮನ್ ಸಾಮ್ರಾಜ್ಯ ಎಂದು ಕರೆಯಲಾಗುತ್ತಿದ್ದ ಹಳೆಯ ಜರ್ಮನ್ ಸಾಮ್ರಾಜ್ಯದಲ್ಲಿ ಹಲವು ಬಿಷಪರು ನಾಡನ್ನು ಆಳುವ ಅರಸರೂ ಆಗಿದ್ದರು. ಅವರಿಗೆ ಕೋಟೆಯಿತ್ತು, ಸೈನ್ಯವಿತ್ತು, ಸುಂಕದ ಕಟ್ಟೆಯಿತ್ತು, ಟಂಕಸಾಲೆಯಿತ್ತು. ಹತ್ತನೆಯ ಶತಮಾನದಲ್ಲಿ ಒಟ್ಟೋ ವಂಶದ ಚಕ್ರವರ್ತಿಗಳು ಈ ವ್ಯವಸ್ಥೆಯನ್ನು ಬೆಳೆಸಿದ್ದಕ್ಕೆ ಗಟ್ಟಿಯಾದ ಲೆಕ್ಕಾಚಾರವಿತ್ತು. ಒಬ್ಬ ಡ್ಯೂಕನಿಗೆ ಭೂಮಿ ಕೊಟ್ಟರೆ ಅದು ಅವನ ಮಗನಿಗೆ, ಮೊಮ್ಮಗನಿಗೆ ಹೋಗಿ, ಕೊನೆಗೆ ಚಕ್ರವರ್ತಿಗೇ ಎದುರಾಗಿ ನಿಲ್ಲುವ ಮನೆತನವೊಂದು ಬೆಳೆಯುತ್ತದೆ. ಮದುವೆಯಾಗದ ಬಿಷಪನಿಗೆ ಕೊಟ್ಟರೆ ಅವನ ಮರಣದೊಂದಿಗೆ ಪೀಠ ತೆರವಾಗುತ್ತದೆ. ಮುಂದಿನವನು ಯಾರೆಂಬುದರಲ್ಲಿ ಚಕ್ರವರ್ತಿಯ ಮಾತಿಗೂ ತೂಕವಿರುತ್ತದೆ. ಹೀಗೆ ಸಂತೆ, ಸುಂಕ, ನಾಣ್ಯ ಈ ಮೂರರ ಹಕ್ಕುಗಳು ಒಂದೊಂದಾಗಿ ಬಿಷಪರ ಕೈಸೇರಿದವು. ವ್ಯೂರ್ಟ್ಸ್‌ಬುರ್ಗ್ ಬಿಷಪ್ ಮೈನ್‌ಹಾರ್ಡ್ ಅವರಿಗೆ ಚಕ್ರವರ್ತಿ ಎರಡನೆಯ ಕೊನ್ರಾಡ್ ನಾಣ್ಯದ ಹಕ್ಕು ಕೊಟ್ಟದ್ದು 1030ರಲ್ಲಿ. 1220ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚರ್ಚಿನ ಅರಸರ ನೆಲದಲ್ಲಿ ಅವರ ಒಪ್ಪಿಗೆಯಿಲ್ಲದೆ ತಾನು ಹೊಸ ಟಂಕಸಾಲೆಯನ್ನಾಗಲಿ ಸುಂಕದ ಕಟ್ಟೆಯನ್ನಾಗಲಿ ಸ್ಥಾಪಿಸುವುದಿಲ್ಲ ಎಂದು ಬರೆದುಕೊಟ್ಟ.

ಈ ನಾಣ್ಯಗಳನ್ನು ನೋಡುವಾಗ ಒಂದು ಸಂಗತಿಯನ್ನು ಸದಾ ಮನಸ್ಸಿನಲ್ಲಿಡಬೇಕು: ಇದು ವಂಶಪಾರಂಪರ್ಯವಾಗಿ ಬರುವ ಸಿಂಹಾಸನವಲ್ಲ. ಕೆಥೆಡ್ರಲ್‌ನ ಪಾದ್ರಿಗಳ ಮಂಡಳಿ ಬಿಷಪರನ್ನು ಆರಿಸುತ್ತಿತ್ತು. ಈ ನಾಣ್ಯಗಳಲ್ಲಿ ಕಾಣುವ ವಿಚಿತ್ರಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟಿವೆ.

ಯಾವ ಯಾವ ಊರುಗಳ ಬಿಷಪರು ನಾಣ್ಯ ಹೊರಡಿಸಿದರು?

ಪಟ್ಟಿ ಬಹಳ ಉದ್ದವಿದೆ. ಮೈಂಟ್ಸ್, ಟ್ರಿಯರ್, ಕಲೋನ್ ಈ ಮೂರು ಊರುಗಳ ಆರ್ಚ್‌ಬಿಷಪರು ಚಕ್ರವರ್ತಿಯನ್ನೇ ಆರಿಸುವ ಮತದಾರ ಅರಸರಾಗಿದ್ದರಿಂದ ಅವರ ಸ್ಥಾನ ಎಲ್ಲರಿಗಿಂತ ಮೇಲಿತ್ತು. ಸಾಲ್ಜ್‌ಬರ್ಗ್, ವ್ಯೂರ್ಟ್ಸ್‌ಬುರ್ಗ್, ಬಾಂಬೆರ್ಗ್, ಮ್ಯೂನ್‌ಸ್ಟರ್, ಪಾಡರ್‌ಬೋರ್ನ್, ಓಸ್ನಾಬ್ರುಕ್, ಐಖ್‌ಶ್ಟೆಟ್, ಪಾಸೌ, ಫ್ರೈಸಿಂಗ್, ರೇಗೆನ್ಸ್‌ಬುರ್ಗ್, ಹಿಲ್ಡೆಸ್‌ಹೈಮ್, ಮಾಗ್ಡೆಬುರ್ಗ್, ಹಾಲ್ಬರ್‌ಶ್ಟಾಟ್ ಇವೆಲ್ಲ ಸಂಗ್ರಾಹಕರಿಗೆ ಪರಿಚಿತ ಹೆಸರುಗಳು. ಸಾಲ್ಜ್‌ಬರ್ಗ್ ಇಂದು ಆಸ್ಟ್ರಿಯಾದಲ್ಲಿದ್ದರೂ ಆಗ ಇದೇ ಸಾಮ್ರಾಜ್ಯದ ಸ್ವತಂತ್ರ ಸಂಸ್ಥಾನವಾಗಿತ್ತು.

ಕನ್ನಡಿಗರಿಗೆ ಕಿವಿಗೆ ಬಿದ್ದಿರುವ ಇನ್ನೊಂದು ಹೆಸರು ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹುಟ್ಟಿದ ಊರು ಅದು. ಆ ನಗರ ಹದಿನಾರನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಪಂಥಕ್ಕೆ ಸೇರಿದಾಗ ಅಲ್ಲಿನ ಬಿಷಪರು ಪೊರಾಂಟ್ರುಯಿಗೆ ತಮ್ಮ ನೆಲೆ ಬದಲಿಸಿಕೊಂಡರು. ಆದರೂ ಅವರ ಬಿರುದು ಬಾಸೆಲ್ ಬಿಷಪ್ ಎಂದೇ ಉಳಿಯಿತು. ನಗರ ಮತ್ತು ಬಿಷಪ್ ಇಬ್ಬರ ಲಾಂಛನವೂ ಬಿಷಪನ ದಂಡವೇ. ನಗರದ್ದು ಕಪ್ಪು, ಬಿಷಪರದ್ದು ಕೆಂಪು. ನಾಣ್ಯದಲ್ಲಿ ಬಣ್ಣವಿಲ್ಲದ ಕಾರಣ ಅಕ್ಷರಗಳನ್ನು ಓದಿಯೇ ಇದು ಯಾರದೆಂದು ನಿರ್ಧರಿಸಬೇಕು.

ಅತಿ ಹಳೆಯ ನಾಣ್ಯಗಳು ಕಾಗದದಷ್ಟು ತೆಳ್ಳಗಿರುವುದೇಕೆ?

ಅವುಗಳನ್ನು ಬ್ರಾಕ್ಟಿಯೇಟ್ ಎನ್ನುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಬೆಳ್ಳಿಯ ತೆಳು ತಗಡನ್ನು ಒಂದೇ ಬದಿಯಿಂದ ಅಚ್ಚೊತ್ತಿ ಮಾಡುತ್ತಿದ್ದ ಪೆನ್ನಿಗಳು ಇವು. ಒಂದು ಬದಿಯಲ್ಲಿ ಉಬ್ಬಿದ ಚಿತ್ರ ಇನ್ನೊಂದು ಬದಿಯಲ್ಲಿ ತಗ್ಗಾಗಿ ಕಾಣುತ್ತದೆ. ಮಾಗ್ಡೆಬುರ್ಗ್‌ನ ನಾಣ್ಯಗಳಲ್ಲಿ ಸಂತ ಮೌರಿಸ್ ಧ್ವಜ ಹಿಡಿದು ನಿಂತಿರುತ್ತಾನೆ. ಹಾಲ್ಬರ್‌ಶ್ಟಾಟ್‌ನವುಗಳಲ್ಲಿ ಸಂತ ಸ್ಟೀಫನ್‌ನನ್ನು ಕಲ್ಲೆಸೆದು ಕೊಲ್ಲುವ ದೃಶ್ಯವೇ ಬೆರಳಗಲದ ಜಾಗದಲ್ಲಿ ಮೂಡಿದೆ. ಮಧ್ಯಯುಗದ ಅಕ್ಕಸಾಲಿಗರ ಕೈಚಳಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ.

ಈ ಚೆಲುವಿನ ಹಿಂದೆ ಕಠಿಣವಾದ ತೆರಿಗೆಯೊಂದಿತ್ತು. ಹಳೆಯ ನಾಣ್ಯವನ್ನು ರದ್ದುಮಾಡಿ, ಹೊಸದಕ್ಕೆ ಬದಲಿಸಿಕೊಳ್ಳಿ ಎಂದು ಜನರಿಗೆ ಅಪ್ಪಣೆಯಾಗುತ್ತಿತ್ತು. ಹನ್ನೆರಡು ಹಳೆಯ ಪೆನ್ನಿಗೆ ಒಂಬತ್ತು ಹೊಸ ಪೆನ್ನಿ ಎಂಬುದು ಆ ಕಾಲದಲ್ಲಿ ರೂಢಿಯಲ್ಲಿದ್ದ ದರ. ಉಳಿದ ಬೆಳ್ಳಿ ಪ್ರಭುವಿನ ಬೊಕ್ಕಸಕ್ಕೆ ಸೇರುತ್ತಿತ್ತು. ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ವಿಖ್‌ಮನ್ (1152–1192) ಇದನ್ನು ವರ್ಷಕ್ಕೆ ಎರಡು ಬಾರಿ ಮಾಡಿಸುತ್ತಿದ್ದರು. ಅಷ್ಟು ಅಲ್ಪಾಯುಷಿಯಾದ ನಾಣ್ಯ ದಪ್ಪವಾಗಿ, ಗಟ್ಟಿಯಾಗಿ ಇರಬೇಕಾದ ಅಗತ್ಯವೇ ಇರಲಿಲ್ಲ.

ಟಾಲರ್ ಎಂದರೆ ಎಷ್ಟು ದೊಡ್ಡ ನಾಣ್ಯ? ಅದರಲ್ಲಿ ಎಷ್ಟು ಬೆಳ್ಳಿ ಇರುತ್ತದೆ?

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯನ್ನು ನೀವು ಅಂಗೈಯಲ್ಲಿಟ್ಟು ನೋಡಿದ್ದರೆ, ಸುಮಾರು ಎರಡೂವರೆ ರೂಪಾಯಿಯ ತೂಕ ಒಂದು ಟಾಲರಿಗಿರುತ್ತದೆ. ಅಗಲ ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರ್ ಆಸುಪಾಸು.

ಎರಡು ಅಳತೆಗಳನ್ನು ತಿಳಿದಿದ್ದರೆ ಸಾಕು. 1566ರ ಸಾಮ್ರಾಜ್ಯದ ನಿಯಮದಂತೆ ಒಂದು ಕಲೋನ್ ಮಾರ್ಕ್ ತೂಕದ, ಅಂದರೆ ಸುಮಾರು 233.86 ಗ್ರಾಂ ಚೊಕ್ಕ ಬೆಳ್ಳಿಯಲ್ಲಿ ಒಂಬತ್ತು ರೈಖ್ಸ್‌ಟಾಲರ್ ಟಂಕಿಸಬೇಕಿತ್ತು. ತಾಮ್ರ ಸೇರಿ ಪ್ರತಿಯೊಂದರ ತೂಕ 29.23 ಗ್ರಾಂ, ಅದರಲ್ಲಿ ಚೊಕ್ಕ ಬೆಳ್ಳಿ 25.98 ಗ್ರಾಂ. 1753ರಲ್ಲಿ ಆಸ್ಟ್ರಿಯಾ ಮತ್ತು ಬವೇರಿಯಾ ಒಪ್ಪಂದ ಮಾಡಿಕೊಂಡು ಅಷ್ಟೇ ಬೆಳ್ಳಿಯಲ್ಲಿ ಹತ್ತು ಟಾಲರ್ ಎಂದು ಬದಲಿಸಿದವು. ಇದೇ ಕನ್ವೆನ್ಶನ್ ಟಾಲರ್: ತೂಕ 28.06 ಗ್ರಾಂ, ಚೊಕ್ಕ ಬೆಳ್ಳಿ 23.39 ಗ್ರಾಂ. ದಕ್ಷಿಣ ಜರ್ಮನಿಯ ಬಿಷಪರಲ್ಲಿ ಹೆಚ್ಚಿನವರು ಈ ಅಳತೆಯನ್ನು ಒಪ್ಪಿಕೊಂಡರು. ಅವರ ಅನೇಕ ನಾಣ್ಯಗಳ ಮೇಲೆ ‘ಹತ್ತು ಸೇರಿದರೆ ಒಂದು ಚೊಕ್ಕ ಮಾರ್ಕ್’ ಎಂಬ ಅರ್ಥದ ಜರ್ಮನ್ ಬರಹವಿರುತ್ತದೆ. ಇಪ್ಪತ್ತು ಕ್ರೈಟ್ಸರ್‌ನ ಸಣ್ಣ ನಾಣ್ಯದ ಮೇಲೆ ಹತ್ತರ ಬದಲು ಅರವತ್ತು ಎಂದಿರುತ್ತದೆ. ಆಳುವವನು ತನ್ನ ಬೆಳ್ಳಿಯ ಲೆಕ್ಕವನ್ನು ನಾಣ್ಯದ ಮೇಲೆಯೇ ಬರೆದುಕೊಡುವ ಈ ಪದ್ಧತಿ ನನಗೆ ಬಹಳ ಮೆಚ್ಚುಗೆಯಾದದ್ದು.

ಆಸ್ಟ್ರಿಯಾದ ಮಹಾರಾಣಿ ಮರಿಯಾ ಥೆರೇಸಾಳ ಹೆಸರಿನ ಟಾಲರ್ ಕೂಡ ಇದೇ ಅಳತೆಯದು. ಅರಬ್ ನಾಡು, ಇಥಿಯೋಪಿಯಾಗಳಲ್ಲಿ ಚಲಾವಣೆಯಲ್ಲಿದ್ದ ಆ ನಾಣ್ಯವನ್ನು 1940ರ ಹೊತ್ತಿಗೆ ನಮ್ಮ ಮುಂಬಯಿ ಟಂಕಸಾಲೆಯಲ್ಲೂ ಅಚ್ಚು ಹಾಕಿದ್ದರು. ಹಾಗಾಗಿ ಭಾರತದ ಹಳೆಯ ನಾಣ್ಯದ ಅಂಗಡಿಗಳಲ್ಲಿ ‘ಜರ್ಮನ್ ಟಾಲರ್’ ಎಂದು ತೋರಿಸುವುದು ಬಹುಮಟ್ಟಿಗೆ ಅದೇ ಆಗಿರುತ್ತದೆ. ಅದು ಬಿಷಪರ ನಾಣ್ಯವಲ್ಲ.

ನಾಣ್ಯದ ಮೇಲಿನ ಚಿತ್ರಗಳನ್ನು ಹೇಗೆ ಓದುವುದು?

ಮೊದಲು ಲಾಂಛನದ ಮೇಲ್ಭಾಗ ನೋಡಿ. ಮೈಟರ್ ಎಂಬ ಎತ್ತರದ ಟೋಪಿ, ಅದರ ಹಿಂದೆ ಒಂದು ಕಡೆ ಬಾಗಿದ ತುದಿಯ ದಂಡ, ಇನ್ನೊಂದು ಕಡೆ ಕತ್ತಿ ಇದ್ದರೆ ಅದು ರಾಜ-ಬಿಷಪರ ನಾಣ್ಯ ಎಂದು ಬಹುತೇಕ ಧೈರ್ಯವಾಗಿ ಹೇಳಬಹುದು. ದಂಡ ಗುರುವಿನದು, ಕತ್ತಿ ಅರಸನದು.

ಆಮೇಲೆ ಸಂತನನ್ನು ಗುರುತಿಸಿ. ವ್ಯೂರ್ಟ್ಸ್‌ಬುರ್ಗ್‌ಗೆ ಸಂತ ಕಿಲಿಯನ್, ಐಖ್‌ಶ್ಟೆಟ್‌ಗೆ ಸಂತ ವಿಲ್ಲಿಬಾಲ್ಡ್, ಸಾಲ್ಜ್‌ಬರ್ಗ್‌ಗೆ ಸಂತ ರೂಪರ್ಟ್, ಪಾಡರ್‌ಬೋರ್ನ್‌ಗೆ ಸಂತ ಲಿಬೋರಿಯಸ್, ಮ್ಯೂನ್‌ಸ್ಟರ್‌ಗೆ ಸಂತ ಪೌಲ್. ಬಾಂಬೆರ್ಗ್‌ಗೆ ಚಕ್ರವರ್ತಿ ಎರಡನೆಯ ಹೆನ್ರಿ ಮತ್ತು ಆತನ ರಾಣಿ ಕುನಿಗುಂಡೆ, ಇಬ್ಬರೂ ಸಂತರೇ. ಬಿಷಪರು ಬದಲಾದರೂ ಸಂತ ಬದಲಾಗುವುದಿಲ್ಲ. ವಂಶವಿಲ್ಲದ ಸಂಸ್ಥಾನಕ್ಕೆ ಸ್ಥಿರವಾದ ಒಡೆಯ ಆ ಸಂತನೇ.

ಲಾಂಛನದ ಚೌಕಗಳಲ್ಲಿ ಒಂದರಲ್ಲಿ ಸಂಸ್ಥಾನದ ಗುರುತು, ಇನ್ನೊಂದರಲ್ಲಿ ಬಿಷಪ್ ಹುಟ್ಟಿದ ಮನೆತನದ ಗುರುತು ಇರುತ್ತದೆ. ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಲಿಯೊನ್‌ಹಾರ್ಡ್ ಫಾನ್ ಕೋಯ್ಚಾಖ್ (1495–1519) ಮನೆತನದ ಲಾಂಛನ ಟರ್ನಿಪ್ ಗಡ್ಡೆ. ಅದು ಅಲ್ಲಿನ ಕೋಟೆಯ ಗೋಡೆಗಳ ಮೇಲೂ ಇದೆ, ಅವರ ನಾಣ್ಯಗಳ ಮೇಲೂ ಇದೆ. 1504ರ ಅವರ ದೊಡ್ಡ ಬೆಳ್ಳಿ ನಾಣ್ಯವನ್ನು ಇಂದಿಗೂ ಗಡ್ಡೆಯ ಟಾಲರ್ ಎಂದೇ ಕರೆಯುತ್ತಾರೆ. ಬಿಷಪರ ಟಾಲರುಗಳಲ್ಲಿ ಬಹಳ ಹಳೆಯದಾದ, ಬಹಳ ಅಪರೂಪವಾದ ನಾಣ್ಯ ಅದು.

ಅಂಚಿನ ಸುತ್ತ ಇರುವ ಚುಟುಕು ಅಕ್ಷರಗಳ ಅರ್ಥವೇನು?

ಅವು ಲ್ಯಾಟಿನ್ ಬಿರುದುಗಳ ಮೊದಲಕ್ಷರಗಳು. ‘ಡಿ ಜಿ’ ಎಂದರೆ ದೇವರ ಕೃಪೆಯಿಂದ. ‘ಎಪಿಸ್ಕ್’ ಅಥವಾ ‘ಇ ಪಿ ಎಸ್’ ಎಂದರೆ ಬಿಷಪ್. ‘ಎಸ್ ಆರ್ ಐ ಪಿ’ ಎಂದರೆ ಪವಿತ್ರ ರೋಮನ್ ಸಾಮ್ರಾಜ್ಯದ ಅರಸ. ‘ಎಫ್ ಓ ಡಿ’ ಕಂಡರೆ ವ್ಯೂರ್ಟ್ಸ್‌ಬುರ್ಗ್ ಎಂದು ತಿಳಿಯಿರಿ. ಪೂರ್ವ ಫ್ರಾಂಕೋನಿಯಾದ ಡ್ಯೂಕ್ ಎಂಬ ಬಿರುದು ಅಲ್ಲಿನ ಬಿಷಪರದು. ಹೆಸರು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಬರುತ್ತದೆ.

ಉದಾಹರಣೆಗೆ ಹಿಯೆರೊನಿಮುಸ್ ಎಂದು ಆರಂಭವಾಗುವ ಸಾಲ್ಜ್‌ಬರ್ಗ್ ಟಾಲರ್ ಸುಲಭವಾಗಿ ಸಿಗುವಂಥದ್ದು. ಅದರ ಮೇಲಿನ ಮುಖ ಆರ್ಚ್‌ಬಿಷಪ್ ಕೊಲೊರೇಡೊ ಅವರದು. ಸಂಗೀತಗಾರ ಮೊಜಾರ್ಟ್ ಇದೇ ಬಿಷಪರ ಬಳಿ ಸಂಬಳಕ್ಕಿದ್ದು, ಜಗಳವಾಡಿಕೊಂಡು 1781ರಲ್ಲಿ ಕೆಲಸ ಬಿಟ್ಟ.

‘ಸೆದೆ ವಕಾಂತೆ’ ನಾಣ್ಯ ಎಂದರೇನು? ಸಂಗ್ರಾಹಕರು ಅದಕ್ಕಾಗಿ ಅಷ್ಟೊಂದು ಹಂಬಲಿಸುವುದೇಕೆ?

ಪೀಠ ತೆರವಾಗಿದ್ದಾಗ ಹೊರಟ ನಾಣ್ಯ ಅದು. ಒಬ್ಬ ಬಿಷಪ್ ತೀರಿಕೊಂಡು ಇನ್ನೊಬ್ಬರ ಆಯ್ಕೆಯಾಗುವವರೆಗಿನ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಆಡಳಿತ ಕೆಥೆಡ್ರಲ್ ಮಂಡಳಿಯ ಕೈಯಲ್ಲಿರುತ್ತಿತ್ತು. ನಾಣ್ಯದ ಹಕ್ಕೂ ಆಗ ಅವರದೇ. ಆ ಅವಕಾಶವನ್ನು ಮಂಡಳಿಗಳು ಬಿಡುತ್ತಿರಲಿಲ್ಲ. ಆಳುವ ಅರಸನ ಮುಖವಿಲ್ಲದ ಈ ನಾಣ್ಯಗಳ ಮೇಲೆ ಸಂತ, ಕೆಥೆಡ್ರಲ್, ಊರಿನ ನೋಟ ಅಥವಾ ಮಂಡಳಿಯ ಸದಸ್ಯರ ಲಾಂಛನಗಳು ಸಾಲಾಗಿ ಸುತ್ತುವರಿದಿರುತ್ತವೆ. ಐಖ್‌ಶ್ಟೆಟ್‌ನ 1781 ಮತ್ತು 1790ರ ಇಂಥ ಟಾಲರುಗಳು ಹದಿನೆಂಟನೆಯ ಶತಮಾನದ ಅಚ್ಚುಕೆಲಸದ ಅತ್ಯುತ್ತಮ ಮಾದರಿಗಳೆಂದು ಎಣಿಸಲ್ಪಡುತ್ತವೆ.

ರಾಜ ಸತ್ತ ಕೂಡಲೇ ಮಗ ಪಟ್ಟಕ್ಕೇರುವ ನಾಡುಗಳಲ್ಲಿ ಇಂಥ ನಾಣ್ಯ ಹುಟ್ಟುವ ಸಂದರ್ಭವೇ ಇಲ್ಲ. ಅರಸನಿಲ್ಲದೆಯೂ ಅರಸೊತ್ತಿಗೆ ನಡೆಯುತ್ತದೆ ಎಂದು ಬೆಳ್ಳಿಯಲ್ಲಿ ಬರೆದ ದಾಖಲೆ ಇದು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಜೀವಾಳ ಇಲ್ಲಿದೆ. ಒಂದೇ ಒಂದು ಬಿಷಪ್ ನಾಣ್ಯ ಕೊಳ್ಳುವವರಿಗೆ ಯಾವುದನ್ನು ಕೊಳ್ಳಬೇಕೆಂದು ಹೇಳುವುದಾದರೆ ಇದನ್ನೇ ಹೇಳುತ್ತೇನೆ.

ಇವುಗಳಲ್ಲಿ ಮನ ಕಲಕುವಂಥದ್ದು ಮ್ಯೂನ್‌ಸ್ಟರ್‌ನ 1801ರ ನಾಣ್ಯ. ಆ ವರ್ಷದ ಜುಲೈನಲ್ಲಿ ಬಿಷಪ್ ಮ್ಯಾಕ್ಸಿಮಿಲಿಯನ್ ಫ್ರಾಂಟ್ಸ್ ತೀರಿಕೊಂಡರು. ಮರಿಯಾ ಥೆರೇಸಾಳ ಕೊನೆಯ ಮಗ ಅವರು. ಕಲೋನ್‌ನ ಆರ್ಚ್‌ಬಿಷಪ್ ಕೂಡ ಆಗಿದ್ದು, ಬಾನ್ ನಗರದ ತಮ್ಮ ಆಸ್ಥಾನದಲ್ಲಿ ಎಳೆಯ ಬೀಥೋವನ್‌ಗೆ ಆಶ್ರಯ ಕೊಟ್ಟವರು. ಮಂಡಳಿ ಎಂದಿನಂತೆ ನಾಣ್ಯ ಹೊರಡಿಸಿತು, ಎಂದಿನಂತೆ ಚುನಾವಣೆ ನಡೆಸಿ ಆಸ್ಟ್ರಿಯಾದ ರಾಜಕುಮಾರ ಆಂಟೋನ್ ವಿಕ್ಟರ್ ಅವರನ್ನು ಆರಿಸಿತು. ಉತ್ತರ ಜರ್ಮನಿಯ ಬಲಿಷ್ಠ ರಾಜ್ಯವಾದ ಪ್ರಷ್ಯಾ ಒಪ್ಪಲಿಲ್ಲ, ಅವರು ಪೀಠವೇರಲೇ ಇಲ್ಲ. 1802ರ ಆಗಸ್ಟ್‌ನಲ್ಲಿ ಪ್ರಷ್ಯಾದ ಸೈನ್ಯ ಊರಿನೊಳಗೆ ಬಂತು. ಪೀಠ ತೆರವಾಗಿದೆ ಎಂದು ಸಾರಿದ ಆ ನಾಣ್ಯದ ಬಳಿಕ ಮ್ಯೂನ್‌ಸ್ಟರ್‌ನಲ್ಲಿ ಆಳುವ ಬಿಷಪ್ ಮತ್ತೆ ಬರಲಿಲ್ಲ.

ಒಂದೇ ಬಿಷಪರ ಹೆಸರು ಬೇರೆ ಬೇರೆ ಊರುಗಳ ನಾಣ್ಯಗಳಲ್ಲಿ ಕಾಣುತ್ತದಲ್ಲ?

ದೊಡ್ಡ ಮನೆತನಗಳು ಹಲವು ಪೀಠಗಳನ್ನು ಒಟ್ಟಿಗೆ ಹಿಡಿಯುತ್ತಿದ್ದವು. ಬವೇರಿಯಾದ ಕ್ಲೆಮೆನ್ಸ್ ಆಗಸ್ಟ್ (1700–1761) ಕಲೋನ್, ಮ್ಯೂನ್‌ಸ್ಟರ್, ಪಾಡರ್‌ಬೋರ್ನ್, ಹಿಲ್ಡೆಸ್‌ಹೈಮ್, ಓಸ್ನಾಬ್ರುಕ್ ಈ ಐದಕ್ಕೂ ಒಡೆಯರಾಗಿದ್ದರು. ಶೋನ್‌ಬಾರ್ನ್ ಮನೆತನದವರು ಮೈಂಟ್ಸ್, ವ್ಯೂರ್ಟ್ಸ್‌ಬುರ್ಗ್, ಬಾಂಬೆರ್ಗ್‌ಗಳಲ್ಲಿ ಮತ್ತೆ ಮತ್ತೆ ಆರಿಸಿ ಬಂದರು. ಮಗನಿಗೆ ಕೊಡಲಾಗದ ಪೀಠವನ್ನು ತಮ್ಮನ ಮಗನಿಗೆ ಕೊಡಿಸಿದವರು ಬಹಳ.

ಬಿಷಪರೆಲ್ಲ ಕ್ಯಾಥೊಲಿಕ್ಕರೇ?

ಅಲ್ಲ. 1648ರ ವೆಸ್ಟ್‌ಫಾಲಿಯಾ ಒಪ್ಪಂದದ ಬಳಿಕ ಓಸ್ನಾಬ್ರುಕ್‌ನಲ್ಲಿ ಒಮ್ಮೆ ಕ್ಯಾಥೊಲಿಕ್, ಮತ್ತೊಮ್ಮೆ ಪ್ರಾಟೆಸ್ಟಂಟ್ ಎಂಬ ಸರದಿ ಬಂತು. ಪ್ರಾಟೆಸ್ಟಂಟರ ಸರದಿ ಬ್ರಿಟನ್‌ನ ರಾಜಮನೆತನಕ್ಕೆ ಮೂಲವಾದ ಹ್ಯಾನೋವರ್ ಕಡೆಯ ವಂಶಕ್ಕೆ ಮೀಸಲಾಗಿತ್ತು. 1764ರಲ್ಲಿ ಮೂರನೆಯ ಜಾರ್ಜ್ ತನ್ನ ಎರಡನೆಯ ಮಗ ಫ್ರೆಡರಿಕ್‌ನನ್ನು ಆ ಪೀಠಕ್ಕೆ ಆಯ್ಕೆ ಮಾಡಿಸಿದ. ಮಗುವಿಗೆ ಆಗ ಆರು ತಿಂಗಳು. ಮುಂದೆ ಅದೇ ಫ್ರೆಡರಿಕ್ ಬ್ರಿಟಿಷ್ ಸೈನ್ಯದ ಸೇನಾಪತಿಯಾದ.

ಯುದ್ಧದ ನೆನಪಿರುವ ನಾಣ್ಯಗಳು ಇವೆಯೇ?

ಬಹಳಷ್ಟಿವೆ. ಮೂರು ಕಥೆಗಳನ್ನು ಹೇಳಲೇಬೇಕು.

ಮೊದಲನೆಯದು 1622ರದ್ದು. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಬ್ರೌನ್‌ಶ್ವೈಗ್‌ನ ಡ್ಯೂಕ್ ಕ್ರಿಸ್ಟಿಯನ್ ಪಾಡರ್‌ಬೋರ್ನ್ ಕೆಥೆಡ್ರಲ್‌ಗೆ ನುಗ್ಗಿ, ಸಂತ ಲಿಬೋರಿಯಸ್‌ನ ಅಸ್ಥಿಗಳಿದ್ದ ಬೆಳ್ಳಿಯ ಪೆಟ್ಟಿಗೆಯನ್ನು ದೋಚಿದ. ಅದನ್ನು ಕರಗಿಸಿ ಟಾಲರ್ ಹಾಕಿಸಿದ. ಒಂದು ಬದಿಯಲ್ಲಿ ಮೋಡದಿಂದ ಹೊರಚಾಚಿದ ತೋಳು, ಅದರ ಕೈಯಲ್ಲಿ ಕತ್ತಿ. ಇನ್ನೊಂದು ಬದಿಯಲ್ಲಿ ‘ದೇವರ ಗೆಳೆಯ, ಪಾದ್ರಿಗಳ ಶತ್ರು’ ಎಂಬ ಬರಹ. ಹೀಗೆ ಬರೆಸಿದವನು ಸ್ವತಃ ಹಾಲ್ಬರ್‌ಶ್ಟಾಟ್ ಬಿಷಪ್ ಪೀಠದ ಪ್ರಾಟೆಸ್ಟಂಟ್ ಆಡಳಿತಾಧಿಕಾರಿ! ಸಂತನ ಅಸ್ಥಿಗಳು 1627ರಲ್ಲಿ ಪಾಡರ್‌ಬೋರ್ನ್‌ಗೆ ಮರಳಿದವು, ಹೊಸ ಪೆಟ್ಟಿಗೆಯೂ ಆಯಿತು. ಈ ನಾಣ್ಯವನ್ನು ನೋಡುವಾಗ ಅದರ ಬೆಳ್ಳಿ ಎಲ್ಲಿಂದ ಬಂತೆಂಬುದನ್ನು ನಾನು ಮರೆಯಲಾರೆ.

ಎರಡನೆಯದು ಬಿಷಪನೇ ಯುದ್ಧಕ್ಕಿಳಿದ ಕಥೆ. ಮ್ಯೂನ್‌ಸ್ಟರ್‌ನ ಕ್ರಿಸ್ಟೋಫ್ ಬರ್ನಾರ್ಡ್ ಫಾನ್ ಗಾಲೆನ್ (1650–1678) ತಮಗೆ ಮಣಿಯದ ಮ್ಯೂನ್‌ಸ್ಟರ್ ನಗರವನ್ನೇ ಮುತ್ತಿಗೆ ಹಾಕಿ 1661ರಲ್ಲಿ ಗೆದ್ದರು. ಗೆದ್ದ ಊರಿನ ನೋಟವನ್ನು ಟಾಲರಿನ ಮೇಲೆ ಮೂಡಿಸಿ, ನಗರವನ್ನು ವಿಧೇಯತೆಗೆ ಮರಳಿ ತಂದದ್ದಾಗಿ ಬರೆಸಿದರು. ಮುಂದೆ 1672ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್ ಮೇಲೆ ಬಾಂಬುಗಳ ಮಳೆ ಸುರಿಸಿಯೂ ಸೋತು ಹಿಂದಿರುಗಿದರು. ಆ ಊರಿನವರು ಅವರಿಗೆ ಬಾಂಬಿನ ಬೆರೆಂಡ್ ಎಂದು ಹೆಸರಿಟ್ಟರು. ಮುತ್ತಿಗೆ ಮುಗಿದ ಆಗಸ್ಟ್ 28ನ್ನು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ.

ಮೂರನೆಯದು ಫ್ರಾನ್ಸಿನ ಕ್ರಾಂತಿಸೇನೆ ರೈನ್ ನದಿ ದಾಟಿದ ವರ್ಷಗಳದ್ದು. ಸೈನ್ಯದ ಖರ್ಚಿಗೆ ಹಣ ಸಾಲದೆ ಬಿಷಪರು ಅರಮನೆಯ ಬೆಳ್ಳಿ ಪಾತ್ರೆಗಳನ್ನೇ ಕರಗಿಸಿದರು. ಬಾಂಬೆರ್ಗ್‌ನ 1795ರ ಟಾಲರಿನ ಮೇಲೆ ‘ತಾಯ್ನಾಡಿನ ಒಳಿತಿಗಾಗಿ’ ಎಂದಿದೆ. ಫುಲ್ಡಾದ 1796ರದ್ದರ ಮೇಲೆ ‘ದೇವರಿಗಾಗಿ, ತಾಯ್ನಾಡಿಗಾಗಿ’ ಎಂದಿದೆ. ಅದೇ ವರ್ಷದ ಐಖ್‌ಶ್ಟೆಟ್ ಟಾಲರಿನ ಬರಹ, ಕಷ್ಟದಲ್ಲಿರುವ ನಾಡಿಗೆ ಆಸ್ಥಾನದ ಬೆಳ್ಳಿಪಾತ್ರೆಗಳು ನೆರವಾದವೆಂದು ನೇರವಾಗಿಯೇ ತಿಳಿಸುತ್ತದೆ.

ಈ ನಾಣ್ಯಗಳು ನಿಂತದ್ದು ಯಾವಾಗ?

1803ರ ಫೆಬ್ರವರಿ 25ರಂದು ರೇಗೆನ್ಸ್‌ಬುರ್ಗ್‌ನಲ್ಲಿ ಸಾಮ್ರಾಜ್ಯದ ಪ್ರತಿನಿಧಿಗಳ ಸಮಿತಿ ಕೈಗೊಂಡ ತೀರ್ಮಾನ ಬಿಷಪರ ಸಂಸ್ಥಾನಗಳನ್ನು ಅಳಿಸಿಹಾಕಿತು. ರೈನ್ ನದಿಯ ಎಡದಂಡೆಯಲ್ಲಿ ಫ್ರಾನ್ಸಿಗೆ ನೆಲ ಕಳೆದುಕೊಂಡ ಅರಸರಿಗೆ ಪರಿಹಾರವಾಗಿ ಚರ್ಚಿನ ನೆಲ ಹಂಚಿಹೋಯಿತು. ಉಳಿದವರು ಮೈಂಟ್ಸ್‌ನ ಆರ್ಚ್‌ಬಿಷಪ್ ಆಗಿದ್ದ ಡಾಲ್‌ಬೆರ್ಗ್ ಒಬ್ಬರೇ. ನೆಪೋಲಿಯನ್ನನ ಬೆಂಬಲದಿಂದ ರೇಗೆನ್ಸ್‌ಬುರ್ಗ್ ಅನ್ನು 1810ರವರೆಗೆ ಆಳಿದರು. ಅವರ 1809ರ ಟಾಲರ್ ಈ ಪರಂಪರೆಯ ಕೊನೆಯ ಕೊಂಡಿ.

ಹೊಸದಾಗಿ ಸಂಗ್ರಹ ಆರಂಭಿಸುವವರು ಯಾವುದರಿಂದ ಶುರುಮಾಡಬೇಕು?

ಟಾಲರಿನಿಂದ ಬೇಡ. ಇಪ್ಪತ್ತು ಕ್ರೈಟ್ಸರ್ ನಾಣ್ಯಗಳಲ್ಲಿ ಅದೇ ಮುಖ, ಅದೇ ಲಾಂಛನ, ಅದೇ ಬಿರುದುಗಳು ಸಣ್ಣ ಗಾತ್ರದಲ್ಲಿರುತ್ತವೆ. ಬೆಲೆ ಬಹಳ ಕಡಿಮೆ. ಟ್ರಿಯರ್‌ನ ಪೀಟರ್‌ಮೆನ್‌ಖೆನ್ ಎಂಬ ಚಿಕ್ಕ ನಾಣ್ಯಗಳ ಮೇಲೆ ಸಂತ ಪೀಟರ್ ಇರುತ್ತಾನೆ, ಅವೂ ಕೈಗೆಟಕುತ್ತವೆ. ಒಂದು ಊರನ್ನು ಆರಿಸಿಕೊಂಡು ಅದರ ಬಿಷಪರನ್ನು ಸಾಲಾಗಿ ಕೂಡಿಸುತ್ತ ಹೋಗುವುದು ನನಗೆ ಸರಿಯೆನಿಸುವ ದಾರಿ. ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಬರ್ಲಿನ್‌ನ ಬೋಡೆ ಮ್ಯೂಸಿಯಂನಲ್ಲಿರುವ ನಾಣ್ಯ ಸಂಗ್ರಹಾಲಯ ತನ್ನ ಸಾವಿರಾರು ನಾಣ್ಯಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.

ನಕಲಿಯನ್ನು ಗುರುತಿಸುವುದು ಹೇಗೆ?

ತೂಕ ಮೊದಲ ಪರೀಕ್ಷೆ. ಕನ್ವೆನ್ಶನ್ ಟಾಲರ್ 28.06 ಗ್ರಾಮಿಗಿಂತ ಸವೆತದಿಂದ ಸ್ವಲ್ಪ ಕಡಿಮೆ ಇರಬಹುದು. 24 ಗ್ರಾಂ ತೂಗಿದರೆ ಕೈಬಿಡಿ. ಎರಡನೆಯದು ಸಾಂದ್ರತೆ. ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ ಸುಮಾರು 2.75 ಗ್ರಾಂ ಇಳಿಯಬೇಕು, ಅಂದರೆ ಸಾಂದ್ರತೆ 10.2ರ ಆಸುಪಾಸು. ಬೆಳ್ಳಿಯ ಲೇಪವಿರುವ ಹಿತ್ತಾಳೆಯಾದರೆ ಇದಕ್ಕಿಂತ ಹೆಚ್ಚು ಇಳಿಯುತ್ತದೆ. ಮೂರನೆಯದು ಮೈ: ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಗುಳಿಗಳು, ಮಬ್ಬಾದ ಅಕ್ಷರಗಳು, ಅಂಚಿನಲ್ಲಿ ಅರದಿಂದ ಉಜ್ಜಿದ ಗೆರೆ ಕಾಣುತ್ತವೆ.

ಮೈ ಸ್ವಲ್ಪ ಬಾಗಿರುವುದು ಮಾತ್ರ ದೋಷವಲ್ಲ. ಹಳೆಯ ಉರುಳೆ ಯಂತ್ರಗಳಲ್ಲಿ ಅಚ್ಚಾದ ನಾಣ್ಯಗಳು ಹಾಗೆಯೇ ಇರುತ್ತವೆ. ಆದರೆ ಮೇಲಂಚಿನಲ್ಲಿ ಕೊಂಡಿ ಬೆಸೆದು ತೆಗೆದ ಗುರುತಿದೆಯೇ ಎಂದು ನೋಡಿ. ಟಾಲರುಗಳನ್ನು ಪದಕವಾಗಿ ಧರಿಸುವ ರೂಢಿ ಜರ್ಮನ್ ಹಳ್ಳಿಗಳಲ್ಲಿತ್ತು. ಅಂಥ ಗುರುತಿರುವ ನಾಣ್ಯ ಅಸಲಿಯೇ, ಆದರೂ ಬೆಲೆ ಗಣನೀಯವಾಗಿ ಇಳಿಯುತ್ತದೆ. ಮಾರುವವರು ಅದನ್ನು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ವಿದೇಶದಿಂದ ತರಿಸಿಕೊಳ್ಳುವಾಗ ಕಾನೂನಿನ ತೊಡಕಿದೆಯೇ?

ರಸೀದಿ, ಹರಾಜಿನ ದಾಖಲೆ, ಸುಂಕ ಕಟ್ಟಿದ ಚೀಟಿ ಮೂರನ್ನೂ ನಾಣ್ಯದ ಜೊತೆಗೇ ಜೋಪಾನವಾಗಿಡಿ. ಸಾಂಸ್ಕೃತಿಕ ಆಸ್ತಿಯನ್ನು ಹೊರಗೆ ಕಳಿಸುವುದಕ್ಕೆ ಜರ್ಮನಿಯಲ್ಲಿ 2016ರ ಕಾಯ್ದೆಯ ನಿಯಮಗಳಿವೆ. ಹರಾಜು ಸಂಸ್ಥೆಯೇ ಅದನ್ನು ನೋಡಿಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿ. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ದಾಟಿದ ನಾಣ್ಯಗಳೂ ಸೇರುತ್ತವೆ. ಪ್ರಾಚ್ಯವಸ್ತುವನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ವಿದೇಶದಲ್ಲಿರುವ ಕನ್ನಡಿಗರು ತಮ್ಮ ಸಂಗ್ರಹವನ್ನು ಊರಿಗೆ ತರುವ ಮೊದಲು, ಅದನ್ನು ಮರಳಿ ಒಯ್ಯಬೇಕಾಗಬಹುದೇ ಎಂದು ಯೋಚಿಸಿ ಬಲ್ಲವರ ಸಲಹೆ ಪಡೆಯುವುದು ಒಳ್ಳೆಯದು.

ಕಪ್ಪಾದ ನಾಣ್ಯವನ್ನು ತೊಳೆಯಬಹುದೇ?

ಬೇಡ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಬೆಳ್ಳಿ ತೊಳೆಯುವ ದ್ರಾವಣ ಯಾವುದನ್ನೂ ಹಚ್ಚಬೇಡಿ. ನಮ್ಮ ಮನೆಗಳಲ್ಲಿ ಪೂಜೆಯ ಬೆಳ್ಳಿ ಫಳಫಳ ಹೊಳೆಯಬೇಕೆಂಬ ರೂಢಿ ಬಲವಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಾಣ್ಯದ ಮೇಲಿನ ಬೂದು, ನೀಲಿ, ಕಪ್ಪು ಪದರ ಶತಮಾನಗಳಲ್ಲಿ ತಾನಾಗಿ ಕೂತದ್ದು. ಉಜ್ಜಿದರೆ ಅದರ ಜೊತೆಗೆ ಅಚ್ಚಿನ ಸೂಕ್ಷ್ಮ ಗೆರೆಗಳೂ ಹೋಗುತ್ತವೆ, ಮತ್ತೆ ಬರುವುದಿಲ್ಲ. ಅಂಚನ್ನು ಮಾತ್ರ ಹಿಡಿದು ಎತ್ತಿ. ಪಿ.ವಿ.ಸಿ. ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹಸಿರು ಅಂಟು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಇರುವವರು ಮಳೆಗಾಲದಲ್ಲಿ ಆ ಪೊಟ್ಟಣವನ್ನು ಆಗಾಗ ಬದಲಿಸಬೇಕು.